ಮೇಲಿನ ಟ್ಯಾಂಕ್, ಕೆಳಗಿನ ಪಂಪ್

ಇದಕ್ಕೆಲ್ಲ ಮೂಲ ನನ್ನ ಎಂಬತ್ತು ಹಲಸಿನ ಹಪ್ಪಳ.

ಏಪ್ರಿಲ್ ತಿಂಗಳ ಕೊನೆಯ ಒಂದು ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಅವನ್ನು ಒಣಗಲು ಇಟ್ಟಿದ್ದೆ. ಆಮೇಲೆ ಎಂದಿನ ಹಾಗೆ ಏಳು ಗಂಟೆಗೆ ಪಂಪಿನ ಸ್ವಿಚ್ ಹಾಕಿ, ಅಡುಗೆಮನೆಯಲ್ಲಿ ಚಾ ಕುಡಿಯುತ್ತ ಕಾದೆ. ಮೇಲಿನಿಂದ ಸ್ವರ ಬರಬೇಕಿತ್ತು, ಬರಲಿಲ್ಲ. ತಾರಸಿಯ ಟ್ಯಾಂಕ್ ತುಂಬಿ, ಹೆಚ್ಚಾದ ನೀರು ಪೈಪಿನಿಂದ ಧೋ ಎಂದು ನೇರವಾಗಿ ಚಾಪೆಯ ಮೇಲೆ ಸುರಿಯಿತು. ನಾನು ಓಡಿ ಹೋಗಿ ನೋಡುವಾಗ ಹಪ್ಪಳವೆಲ್ಲ ಹಿಟ್ಟಾಗಿ ಚಾಪೆಗೆ ಅಂಟಿತ್ತು. ಎರಡು ದಿನ ಸೊಂಟ ಬಗ್ಗಿಸಿ ತಟ್ಟಿದ ಹಪ್ಪಳ.

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಮೂಡುಬಿದಿರೆಯ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದು, ಹೋದ ವರ್ಷ ನಿವೃತ್ತಳಾದೆ. ಜಲಜಾಕ್ಷಿ ಮೇಡಂ ಬಂದರು ಎಂದರೆ ಹುಡುಗರು ಮೀಟರು, ವಯರು ಎಲ್ಲ ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಅಂಥವಳು ಆ ದಿನ ಒದ್ದೆ ಚಾಪೆಯ ಹತ್ತಿರ ನಿಂತು ಮೇಲೆ ನೋಡಿದೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡೆ, ಏಕೆಂದರೆ ಮೇಲಿದ್ದವನ ಹತ್ತಿರ ನಾನು ಮಾತಾಡುತ್ತಿರಲಿಲ್ಲ.

ಮೇಲಿರುವವನು ನನ್ನ ತಮ್ಮ ಲೋಕನಾಥ. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನು. ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಬಲಗಡೆಗೆ ಕಾಣುವ ನೀಲಿ ಬಣ್ಣದ ತಾರಸಿ ಮನೆ ನಮ್ಮದು. ಹೋಟೆಲು ಇಟ್ಟಿದ್ದ ಅಪ್ಪ ಕಟ್ಟಿಸಿದ್ದು. ಪಾಲಿನ ಕಾಗದದ ಪ್ರಕಾರ ಕೆಳಗಿನ ಅಂತಸ್ತು ನನಗೆ, ಮೇಲಿನದು ಅವನಿಗೆ, ಬಾವಿ ಮತ್ತು ನೀರಿನ ಟ್ಯಾಂಕ್ ಇಬ್ಬರಿಗೂ. ಪಂಪಿನ ಸ್ವಿಚ್ ಇರುವುದು ನನ್ನ ಅಡುಗೆಮನೆಯ ಹಿಂದಿನ ಗೋಡೆಯಲ್ಲಿ, ಟ್ಯಾಂಕ್ ಇರುವುದು ಅವನ ತಲೆಯ ಮೇಲೆ. ಟ್ಯಾಂಕ್ ತುಂಬಿದ್ದು ನನಗೆ ಕಾಣುವುದಿಲ್ಲ, ಪಂಪ್ ನಿಲ್ಲಿಸಲು ಅವನಿಗೆ ಆಗುವುದಿಲ್ಲ. ಅಪ್ಪ ಇದನ್ನು ಬೇಕೆಂದೇ ಹೀಗೆ ಮಾಡಿಸಿದನೋ ಎಂದು ಎಷ್ಟೋ ಸಲ ಅನ್ನಿಸಿದೆ. ಬೇಕೆಂದು ಮಾಡಿಸಿದ್ದಲ್ಲ, ಪ್ಲಂಬರ್ ಸೋಮಾರಿಯಾಗಿದ್ದ, ಅಷ್ಟೆ.

ಮಾತು ಬಿಟ್ಟದ್ದು ಅಮ್ಮ ಸತ್ತಾಗ. ಒಂಬತ್ತು ವರ್ಷವಾಯಿತು. ಲೋಕನಾಥ ಆಗ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದ. ಅಮ್ಮ ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. "ಅವನಿಗೆ ಹೇಳ್ಬೇಡ, ಸುಮ್ಮನೆ ಹೆದರ್ತಾನೆ, ನಾಲ್ಕು ದಿನದಲ್ಲಿ ಮನೆಗೆ ಹೋಗುವ" ಎನ್ನುತ್ತಿದ್ದಳು. ನಾನೂ ಹಾಗೆಯೇ ಎಣಿಸಿದೆ. ಆರನೆಯ ದಿನ ಬೆಳಿಗ್ಗೆ ಅವಳು ಇರಲಿಲ್ಲ. ಅವನು ವಿಮಾನ ಹಿಡಿದು ಬಂದು ಮುಟ್ಟುವಾಗ ಚಿತೆಯೂ ಆರಿತ್ತು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ, ಅವನು ಬಂದು ನನ್ನ ಎದುರು ನಿಂತ. "ಒಂದು ಫೋನ್ ಮಾಡ್ಲಿಕ್ಕೆ ನಿನಗೆ ಕೈ ಇರ್ಲಿಲ್ವಾ ಅಕ್ಕ?" ಎಂದ. ಅಷ್ಟೇ. ಕೂಗಲೂ ಇಲ್ಲ. ನೂರು ಜನರ ಎದುರು ನನ್ನ ಮುಖ ಉರಿದುಹೋಯಿತು. ನಾನೇ ಐದು ದಿನ ನಿದ್ದೆಗೆಟ್ಟು ಕುಳಿತವಳು, ನನಗೇ ಈ ಮಾತು ಎಂದು ಸಿಟ್ಟು ನೆತ್ತಿಗೇರಿತು. "ಇನ್ನು ನೀನು ನನ್ನತ್ರ ಒಂದು ಮಾತಾಡಿದ್ರೆ, ಇನ್ನೊಂದು ಸಲ ನನ್ನನ್ನು ಅಕ್ಕ ಅಂತ ಕರೆದ್ರೆ, ನನ್ನ ಹೆಣ ಬೀಳ್ಲಿ. ಮನೆ ದೈವದ ಆಣೆ" ಎಂದುಬಿಟ್ಟೆ.

ನಮ್ಮ ಕಡೆ ಆಣೆ ಎಂದರೆ ಆಟವಲ್ಲ. ದೈವದ ಹೆಸರು ಹಿಡಿದು ಹೇಳಿದ ಮಾತು ಹೇಳಿದವರು ಸತ್ತರೂ ಸಾಯುವುದಿಲ್ಲ, ಮಕ್ಕಳ ಕಾಲಕ್ಕೂ ಬರುತ್ತದೆ. ಪಂಕ್ತಿಯಲ್ಲಿ ಕುಳಿತವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಸೋದರಮಾವ ಆಗ ಬದುಕಿದ್ದರು. ಎರಡು ದಿನ ಬಿಟ್ಟು ಬಂದು, "ಆಣೆ ಬಿಡಿಸ್ಲಿಕ್ಕೆ ದಾರಿ ಉಂಟು ಮಗಾ, ಇಬ್ಬರೂ ಒಟ್ಟಿಗೆ ದೈವದ ಎದುರು ನಿಂತು ತಪ್ಪಾಯ್ತು ಅಂತ ಕಾಣಿಕೆ ಹಾಕಿದ್ರೆ ಆಯ್ತು" ಎಂದರು. ಆದರೆ ಒಟ್ಟಿಗೆ ಹೋಗಬೇಕಾದರೆ ಯಾರಾದರೂ ಒಬ್ಬರು ಮೊದಲು 'ಹೋಗುವ' ಎನ್ನಬೇಕು. ಅವನು ಹೇಳುವಂತಿಲ್ಲ, ನಾನು ಹೇಳುವವಳಲ್ಲ. ಮಾವ ಅದನ್ನೇ ಕಾದು ಕಾದು ಒಂದು ದಿನ ತೀರಿಹೋದರು.

ಲೋಕನಾಥ ಮಸ್ಕತ್ತಿಗೆ ಮರಳಿ ಹೋಗಲಿಲ್ಲ. ಅವನ ಹೆಂಡತಿ ಶಶಿಪ್ರಭಾ ಅಲ್ಲಿ ನರ್ಸು. ಅವಳು ಅಲ್ಲೇ ಉಳಿದಳು, ವರ್ಷಕ್ಕೊಮ್ಮೆ ಬರುತ್ತಾಳೆ. ಮಕ್ಕಳಿಲ್ಲ. ಅವನು ಮದುವೆ ಸಮಾರಂಭಗಳ ಅಡುಗೆಗೆ ಹೋಗುತ್ತಾ ಮೇಲಿನ ಅಂತಸ್ತಿನಲ್ಲಿ ಒಬ್ಬನೇ ಇದ್ದಾನೆ. ನಾನು ಮದುವೆಯೇ ಆಗದೆ ಕೆಳಗೆ ಒಬ್ಬಳೇ ಇದ್ದೇನೆ. ನಡುವೆ ಹತ್ತು ಅಡಿ ಎತ್ತರದಲ್ಲಿ ಒಂದು ಸ್ಲ್ಯಾಬ್.

ಆಣೆಯ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ನಾನು ಪಂಪ್ ಹಾಕಿ ಮರೆತೆ. ಟ್ಯಾಂಕ್ ತುಂಬಿ ಸುರಿಯತೊಡಗಿತು. ಆಗ ತಾರಸಿಯಿಂದ ಸ್ವರ ಬಂತು, "ನೀರ್ ದಿಂಜಿಂಡ್!" ನೀರು ತುಂಬಿತು ಎಂದು ತುಳುವಿನಲ್ಲಿ ಎರಡೇ ಶಬ್ದ. ಅಕ್ಕ ಎನ್ನಲಿಲ್ಲ, ಹೆಸರು ಹಿಡಿಯಲಿಲ್ಲ, ಕೆಳಗೆ ನೋಡಲೂ ಇಲ್ಲ. ರಸ್ತೆಯ ಆಚೆಗಿನ ತೆಂಗಿನ ಮರಕ್ಕೆ ಹೇಳಿದ ಹಾಗೆ ಹೇಳಿದ. ನಾನು ಸ್ವಿಚ್ ಆಫ್ ಮಾಡಿದೆ. ಗಾಳಿಗೆ ಹೇಳಿದ್ದು ಮಾತಲ್ಲ, ಹಾಗಾಗಿ ಆಣೆ ಮುರಿದಂತಲ್ಲ ಎಂದು ಅವನೂ ಲೆಕ್ಕ ಹಾಕಿರಬೇಕು, ನಾನೂ ಹಾಕಿದೆ. ಜಗಳವಾಡಿದ ಅತ್ತೆ ಸೊಸೆಯರು ಬೆಕ್ಕಿನ ಹತ್ತಿರ ಮಾತಾಡಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದಿಲ್ಲವೇ, ಹಾಗೆ. ಅಂದಿನಿಂದ ಒಂಬತ್ತು ವರ್ಷ, ಅವನು ಊರಲ್ಲಿದ್ದ ದಿನವೆಲ್ಲ, ಬೆಳಿಗ್ಗೆ ಏಳೂಕಾಲು ಏಳೂವರೆಯ ಒಳಗೆ ಆ ಎರಡು ಶಬ್ದ ಬರುತ್ತಿತ್ತು. ಹಪ್ಪಳದ ದಿನ ಬರಲಿಲ್ಲ.

ಬೇಕೆಂದೇ ಮಾಡಿದ ಎಂದು ನನಗೆ ಖಾತ್ರಿಯಾಯಿತು. ಮೇಲಿನಿಂದ ಚಾಪೆ ಕಾಣುತ್ತದಲ್ಲ! ಇನ್ನು ಇವನ ಸ್ವರಕ್ಕೆ ಕಾಯುವ ಗ್ರಹಚಾರ ನನಗೆ ಬೇಡ ಎಂದು ಹನೀಫನಿಗೆ ಫೋನ್ ಮಾಡಿದೆ.

ಹನೀಫ ನನ್ನ ಹಳೆಯ ವಿದ್ಯಾರ್ಥಿ. ಲ್ಯಾಬಿನಲ್ಲಿ ಎರಡು ಗ್ಯಾಲ್ವನೋಮೀಟರ್ ಸುಟ್ಟವನು. ಈಗ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಅಂಗಡಿ ಇಟ್ಟು, ಕ್ಯಾಮರಾ, ಗೇಟು, ಪಂಪು, ದೀಪ ಎಲ್ಲವನ್ನೂ ಫೋನಿನಿಂದ ನಡೆಸುವ ಹಾಗೆ ಮಾಡಿಕೊಡುತ್ತಾನೆ. ತಲೆ ಅರ್ಧ ಬೆಳ್ಳಗಾಗಿದೆ, ಆದರೂ ನನ್ನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ಕಾಲೇಜಿನ ಅಭ್ಯಾಸದಿಂದ ನಮ್ಮಿಬ್ಬರ ಮಾತು ಇವತ್ತಿಗೂ ಕನ್ನಡದಲ್ಲೇ.

ಅವನು ಬಂದು ಮನೆಯ ಹಿಂದೆ ಮುಂದೆ ತಿರುಗಿ, ಗೋಡೆ ತಟ್ಟಿ ನೋಡಿ, "ಮೇಡಂ, ಕೆಲಸ ಸಣ್ಣದು, ಆದ್ರೆ ಒಂದು ಎಡವಟ್ಟು ಉಂಟು" ಎಂದ.

"ಎಂಥದು?"

"ನಿಮ್ಮ ಪಂಪಿನ ಹತ್ರ ಒಂದು ಕಂಟ್ರೋಲರ್ ಕೂರಿಸ್ತೇನೆ. ಅದಕ್ಕೆ ನಿಮ್ಮ ರೌಟರಿನಿಂದ ವಯರೇ ಎಳೀತೇನೆ, ಗಟ್ಟಿ ಇರ್ತದೆ. ಟ್ಯಾಂಕಿನೊಳಗೆ ನೀರು ನೋಡುವ ಸೆನ್ಸರ್ ಹಾಕ್ಬೇಕು. ಅಲ್ಲಿಗೆ ವಯರ್ ಎಳೆದ್ರೆ ಮೇ ತಿಂಗಳ ಮೊದಲನೇ ಸಿಡಿಲಿಗೆ ಎಲ್ಲ ಹೊಗೆ. ಹಾಗಾಗಿ ಅದು ಬ್ಯಾಟರಿದು, ವೈಫೈಯಲ್ಲಿ ಮಾತಾಡುವಂಥದ್ದು."

"ಹಾಕು, ಯಾರು ಬೇಡ ಹೇಳಿದ್ದು?"

"ನಿಮ್ಮ ವೈಫೈ ಎರಡು ಸ್ಲ್ಯಾಬ್ ದಾಟಿ ತಾರಸಿಗೆ ಹೋಗುದಿಲ್ಲ ಮೇಡಂ. ಮೇಲಿನವರ ವೈಫೈ ಹೋಗ್ತದೆ. ಅವರದ್ದು ಬೇರೆ ಕನೆಕ್ಷನ್, ಬೇರೆ ರೌಟರ್. ಸೆನ್ಸರ್ ಅವರ ನೆಟ್‌ವರ್ಕಿನಲ್ಲಿ, ಪಂಪ್ ನಿಮ್ಮ ನೆಟ್‌ವರ್ಕಿನಲ್ಲಿ. ಇದಕ್ಕೆ ಅದು ಕಾಣುದಿಲ್ಲ, ಅದಕ್ಕೆ ಇದು ಕಾಣುದಿಲ್ಲ."

ಅವನು ಇದನ್ನು ಯಾವ ಕೊಂಕೂ ಇಲ್ಲದೆ ಹೇಳಿದ. ನಾನು ಗೋಡೆಯ ಕಡೆ ನೋಡಿದೆ.

"ಹಾಗಾದ್ರೆ?"

"ನಿಮ್ಮ ರೌಟರಿನಿಂದ ಮೆಟ್ಟಿಲ ಬದಿಯಲ್ಲಿ ಪೈಪಿನೊಳಗೆ ಒಂದು ಕೇಬಲ್ ಮೇಲೆ ಹಾಕುವ. ಅವರ ರೌಟರಿಗೆ ಸಿಕ್ಕಿಸುವ. ಈಗ ಎರಡು ರೌಟರ್, ಅಂದ್ರೆ ಒಂದೇ ಮನೆಗೆ ಇಬ್ಬರು ಯಜಮಾನರು, ಬಂದ ಬಂದವರಿಗೆ ಇಬ್ಬರೂ ನಂಬರ್ ಹಂಚ್ತಾ ಇದ್ದಾರೆ. ಮೇಲಿನದ್ದು ಆ ಯಜಮಾನಿಕೆ ಬಿಡ್ಬೇಕು, ಬರೀ ಸಿಗ್ನಲ್ ಹಂಚಿದ್ರೆ ಸಾಕು. ಆಗ ವಯರ್ ಇದ್ದದ್ದು, ವಯರ್ ಇಲ್ಲದ್ದು ಎಲ್ಲ ಒಂದೇ ನೆಟ್‌ವರ್ಕ್."

"ಅವನು ಬಿಡ್ತಾನಾ, ಹೋಗಿ ಕೇಳು" ಎಂದೆ. ಬಿಡುವುದಿಲ್ಲ ಎಂದು ನನಗೆ ಧೈರ್ಯವಿತ್ತು. ಒಂದು ಜಗಳವಾದರೂ ಆದೀತು, ಹನೀಫನ ಬಾಯಿಂದಲಾದರೂ ನಾಲ್ಕು ಮಾತು ಬಂದೀತು ಎಂದು ಒಳಗೊಳಗೆ ಎಣಿಸಿದ್ದೆನೋ ಏನೋ. ಮೆಟ್ಟಿಲು ಹತ್ತುತ್ತಿದ್ದವನನ್ನು ನಿಲ್ಲಿಸಿ ಇನ್ನೊಂದು ಮಾತನ್ನೂ ಸೇರಿಸಿದೆ. "ಆ ಸ್ವರ ಕೇಳಿ ಕೇಳಿ ನನಗೆ ಸಾಕಾಗಿದೆ. ಅದೊಂದು ನಿಂತ್ರೆ ನನಗೆ ನೆಮ್ಮದಿ. ಅದಕ್ಕೇ ಇದೆಲ್ಲ ಹಾಕಿಸುದು."

ಹನೀಫ ಐದು ನಿಮಿಷದಲ್ಲಿ ಕೆಳಗಿಳಿದ. "ಆಯ್ತಂತೆ. ಕೆಳಗಿನವರಿಗೆ ಬೇಕಾದ್ರೆ ಮಾಡು ಅಂದ್ರು."

"ಮತ್ತೆ?"

"ಮತ್ತೆ ಎಂಥದೂ ಇಲ್ಲ. ಪಾಪ, ನಾಲ್ಕು ದಿನ ಜ್ವರದಲ್ಲಿ ಮಲಗಿದ್ರಂತೆ, ಮೊನ್ನೆಯಷ್ಟೇ ಎದ್ದದ್ದು. ಗಂಟಲು ಕೂತು ಹೋಗಿದೆ."

ಹಪ್ಪಳ ಒದ್ದೆಯಾದದ್ದು ಐದು ದಿನದ ಹಿಂದೆ. ನನ್ನ ತಲೆಯ ಮೇಲೆ, ಹತ್ತು ಅಡಿ ಎತ್ತರದಲ್ಲಿ, ನನ್ನ ತಮ್ಮ ಜ್ವರದಿಂದ ಮಲಗಿದ್ದ. ನಾನು ಕೆಳಗೆ ಕುಳಿತು ಅವನಿಗೆ ಶಾಪ ಹಾಕುತ್ತಿದ್ದೆ. ಗಂಜಿ ಯಾರು ಮಾಡಿ ಕೊಟ್ಟರು ಎಂದು ಕೇಳಬೇಕೆನ್ನಿಸಿತು. ಯಾರ ಹತ್ತಿರ ಕೇಳುವುದು? ಆ ಹೊತ್ತಿಗೇ ಕೆಲಸ ಬೇಡ ಎಂದು ಹನೀಫನನ್ನು ಕಳಿಸಿಬಿಡಬಹುದಿತ್ತು. ಆದರೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. "ಹಾಗಾದ್ರೆ ಮಾಡಿ ಮುಗಿಸು" ಎಂದೆ.

ಹನೀಫ ಒಂದು ದಿನ ಪೂರ್ತಿ ಕೆಲಸ ಮಾಡಿದ. ಗೋಡೆಯ ಬದಿಯಲ್ಲಿ ಬಿಳಿ ಪೈಪ್ ಹತ್ತಿತು, ಅದರೊಳಗೆ ಕೇಬಲ್ ಹೋಯಿತು. ಸಂಜೆಯ ಹೊತ್ತಿಗೆ ನನ್ನ ಫೋನಿನಲ್ಲಿ ಒಂದು ಪಟ್ಟಿ ಮೂಡಿತು. ಗೇಟಿನ ಕ್ಯಾಮರಾ, ಪಂಪ್, ಟ್ಯಾಂಕ್. ಅದರ ಕೆಳಗೆ, ಮೇಲಿನ ಹಾಲ್ ಲೈಟ್, ಮೇಲಿನ ಅಡುಗೆಮನೆ ಲೈಟ್, ಮೇಲಿನ ಜಗಲಿ ಲೈಟ್.

"ಇದೆಂಥದು? ಇದು ಅವನದ್ದಲ್ವಾ?"

"ಹೌದು ಮೇಡಂ, ಶಶಿಪ್ರಭಕ್ಕ ಮಸ್ಕತ್ತಿನಿಂದ ತಂದು ಕೊಟ್ಟ ಬಲ್ಬುಗಳು. ಎಲ್ಲ ಒಂದೇ ಮನೆಯ ಹೆಸರಲ್ಲಿ ಬಂದಿದೆ. ಟ್ಯಾಂಕಿಗೂ ಪಂಪಿಗೂ ಜೋಡಿಸ್ಲಿಕ್ಕೆ ಹಾಗೆ ಮಾಡಿದ್ದು. ನಿಮಗೆ ಬೇಡಾದ್ರೆ ಅವರದ್ದನ್ನು ಬೇರೆ ಮಾಡ್ತೇನೆ."

"ಇರ್ಲಿ" ಎಂದೆ. ತುಂಬಾ ಬೇಗ ಹೇಳಿಬಿಟ್ಟೆ ಎಂದು ಆಮೇಲೆ ಅನ್ನಿಸಿತು.

ಮಾರನೆಯ ದಿನ ಏಳು ಗಂಟೆಗೆ ಪಂಪ್ ತಾನಾಗಿಯೇ ಗುಂಯ್ ಎಂದಿತು. ನಾನು ಚಾ ಹಿಡಿದುಕೊಂಡು ನಿಂತೆ. ಏಳು ಇಪ್ಪತ್ತೆರಡಕ್ಕೆ ಗೋಡೆಯ ಪೆಟ್ಟಿಗೆಯಲ್ಲಿ ಟಕ್ ಎಂದು ಸದ್ದಾಗಿ ನಿಂತಿತು. ಫೋನಿನಲ್ಲಿ 'ಟ್ಯಾಂಕ್ ತುಂಬಿದೆ' ಎಂದು ಅಕ್ಷರ ಬಂತು. ಒಂದು ತೊಟ್ಟು ನೀರು ಅಂಗಳಕ್ಕೆ ಬೀಳಲಿಲ್ಲ. ಫಿಸಿಕ್ಸ್ ಲ್ಯಾಬಿನವಳಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೇ? ಪಕ್ಕದ ಮನೆಯ ಸೇಸಮ್ಮನನ್ನು ಕರೆದು ತೋರಿಸಿದೆ. ಅವಳು ಮೂಗಿನ ಮೇಲೆ ಬೆರಳಿಟ್ಟು ನೋಡಿ, "ಇನ್ನು ನಿಮ್ಮ ತಮ್ಮ ಬೊಬ್ಬೆ ಹಾಕುದು ಬೇಡ ಹಾಗಾದ್ರೆ. ನಾನು ಅದು ಕೇಳಿಯೇ ದೋಸೆಗೆ ಕಾವಲಿ ಇಡ್ತಿದ್ದದ್ದು" ಎಂದಳು.

ಎರಡನೆಯ ದಿನವೂ ಟಕ್ ಎಂದಿತು. ಮೂರನೆಯ ದಿನವೂ. ನಾಲ್ಕನೆಯ ದಿನ ನಾನು ಬೆಳಿಗ್ಗೆ ತಲೆ ಬಾಚದೆ ಹಾಗೆಯೇ ಕುಳಿತಿದ್ದೇನೆ ಎಂದು ನನಗೇ ಗಮನಕ್ಕೆ ಬಂತು. ಏಳು ಗಂಟೆಯ ಮೊದಲು ಸ್ನಾನ ಮಾಡಿ, ಸೀರೆ ಸರಿಯಾಗಿ ಉಟ್ಟು, ಜಡೆ ಹಾಕಿ ಅಡುಗೆಮನೆಯಲ್ಲಿ ನಿಲ್ಲುವುದು ಕಾಲೇಜಿನ ಅಭ್ಯಾಸ ಎಂದು ಇಷ್ಟು ದಿನ ತಿಳಿದಿದ್ದೆ. ಕಾಲೇಜು ಬಿಟ್ಟು ವರ್ಷವಾಗಿತ್ತು. ನಾನು ತಯಾರಾಗುತ್ತಿದ್ದದ್ದು ಆ ಎರಡು ಶಬ್ದಕ್ಕೆ.

ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಆದರೆ ಸತ್ಯ ಅದೇ. ಕಾಲೇಜಿದ್ದಾಗ ದಿನಕ್ಕೆ ಇನ್ನೂರು ಮಂದಿಯ ಸ್ವರ ಕೇಳುತ್ತಿದ್ದೆ, ತಲೆನೋವು ಬರುವಷ್ಟು. ಈಗ ಸೇಸಮ್ಮ ಬಂದ ದಿನ ಸೇಸಮ್ಮ, ಇಲ್ಲವಾದರೆ ಟಿವಿ. ಬೆಳಗಿನ ಮೊದಲ ಮನುಷ್ಯ ಸ್ವರ ಅವನದಾಗಿತ್ತು. ಆ ಎರಡು ಶಬ್ದದಲ್ಲಿ ಅವನಿಗೆ ಶೀತವಾದದ್ದು ತಿಳಿಯುತ್ತಿತ್ತು, ಹಿಂದಿನ ದಿನ ಮದುವೆ ಅಡುಗೆಯಲ್ಲಿ ದಣಿದದ್ದು ತಿಳಿಯುತ್ತಿತ್ತು, ಶಶಿಪ್ರಭಾ ರಜೆಯಲ್ಲಿ ಬಂದ ತಿಂಗಳಲ್ಲಿ ಸ್ವರ ಸ್ವಲ್ಪ ಮೇಲೇರಿದ್ದೂ ತಿಳಿಯುತ್ತಿತ್ತು. ಟಕ್ ಎನ್ನುವ ಪೆಟ್ಟಿಗೆಯಲ್ಲಿ ಏನು ತಿಳಿಯುತ್ತದೆ?

ಅವನಾದರೂ ಎಷ್ಟು ಸುಲಭವಾಗಿ ಒಪ್ಪಿಬಿಟ್ಟ! 'ಕೆಳಗಿನವರಿಗೆ ಬೇಕಾದ್ರೆ ಮಾಡು.' ಅವನಿಗೂ ಬೇಸರ ಬಂದಿತ್ತು, ಬೆಳಿಗ್ಗೆ ತಾರಸಿ ಹತ್ತುವ ರಗಳೆ ತಪ್ಪಿತು ಎಂದು ಹಾಯಾಗಿದ್ದಾನೆ ಎಂದುಕೊಂಡೆ.

ಫೋನ್ ನೋಡುವುದು ಒಂದು ಚಟವಾಯಿತು. ಸಂಜೆ ಆರೂ ಮುಕ್ಕಾಲಿಗೆ ಮೇಲಿನ ಜಗಲಿಯ ಲೈಟ್ ಆನ್. ಏಳಕ್ಕೆ ಹಾಲ್. ಎಂಟಕ್ಕೆ ಅಡುಗೆಮನೆ, ಎಂಟೂ ಹತ್ತಕ್ಕೆ ಅದು ಆಫ್. ನೂರು ಜನರಿಗೆ ಅಡುಗೆ ಮಾಡುವವನು ತನಗಾಗಿ ಹತ್ತೇ ನಿಮಿಷ ಅಡುಗೆ ಮಾಡುತ್ತಾನೆ. ಒಂಬತ್ತೂವರೆಗೆ ಎಲ್ಲ ಆಫ್. ನಾನು ಬೆರಳಿಟ್ಟರೆ ಅವನ ಹಾಲಿನ ದೀಪ ನಂದೀತು ಎಂದು ಹನೀಫ ತೋರಿಸಿಕೊಟ್ಟಿದ್ದ. ಒಂದು ದಿನವೂ ಮುಟ್ಟಲಿಲ್ಲ. ಆ ಹೆಸರಿನ ಪಕ್ಕದ ಹಳದಿ ಚುಕ್ಕೆಯನ್ನು ನೋಡುತ್ತಾ ಕೂತಿರುತ್ತಿದ್ದೆ. ಅದು ಆರಿದ ಮೇಲೆ ನಾನೂ ನನ್ನ ದೀಪ ಆರಿಸುತ್ತಿದ್ದೆ.

ಎರಡು ವಾರ ಕಳೆಯಿತು. ಒಂದು ಮಂಗಳವಾರ ತಡೆಯಲಾಗದೆ, ನನ್ನ ರೌಟರಿನಿಂದ ಪಂಪಿನ ಪೆಟ್ಟಿಗೆಗೆ ಬಂದಿದ್ದ ಕೇಬಲನ್ನು ಕಿತ್ತುಬಿಟ್ಟೆ. ಸೆನ್ಸರ್ ಎಷ್ಟು ಹೇಳಿದರೂ ಇನ್ನು ಪಂಪಿಗೆ ಕೇಳಿಸುವಂತಿಲ್ಲ. ಹಳೆಯ ಸ್ವಿಚ್ಚನ್ನು ಕೈಯಿಂದ ಒತ್ತಿ ಅಂಗಳಕ್ಕೆ ಬಂದು ನಿಂತೆ.

ಏಳು ಇಪ್ಪತ್ತೆರಡಾಯಿತು. ಏಳು ಇಪ್ಪತ್ತೈದು. ನೀರು ಸುರಿಯಲು ಶುರುವಾಯಿತು. ಬಿಸಿಲು ಮನೆಯ ಹಿಂದಿನಿಂದ ಬರುತ್ತದೆ, ಹಾಗಾಗಿ ಬೆಳಿಗ್ಗೆ ತಾರಸಿಯ ಕಟ್ಟೆಯ ನೆರಳು ಅಂಗಳದಲ್ಲಿ ಬೀಳುತ್ತದೆ. ಆ ನೆರಳಿನ ಅಂಚಿನಲ್ಲಿ ಒಂದು ತಲೆ ಮೂಡಿತು. ಅವನು ಬಂದು ನಿಂತಿದ್ದ. ನೀರು ಬೀಳುವುದನ್ನು ನೋಡುತ್ತಿದ್ದ. ತಲೆಯ ನೆರಳು ಅಲುಗಾಡಲಿಲ್ಲ. ಅರ್ಧ ಅಂಗಳ ಕೆಸರಾಗುವ ತನಕ ಅವನು ನಿಂತೇ ಇದ್ದ, ಬಾಯಿ ತೆರೆಯಲಿಲ್ಲ. ಆಮೇಲೆ ನೆರಳು ಹಿಂದೆ ಸರಿಯಿತು.

ಪಂಪ್ ಆಫ್ ಮಾಡಿ, ಕೇಬಲ್ ಪುನಃ ಸಿಕ್ಕಿಸಿ, ಹನೀಫನಿಗೆ ಫೋನ್ ಮಾಡಿದೆ. ಸಿಟ್ಟಿನ ಸ್ವರ ಮಾಡಿಕೊಂಡು ಕೇಳಿದೆ. "ಆ ದಿನ ಮೇಲೆ ಹೋಗಿ ಎಂಥ ಹೇಳಿದ್ದು ನೀನು?"

"ಯಾವುದು ಮೇಡಂ?"

"ಲೋಕನಾಥನ ಹತ್ರ. ಒಂದೊಂದು ಶಬ್ದವೂ ಹೇಳು."

"ನೀವು ಹೇಳಿದ್ದನ್ನೇ ಹೇಳಿದ್ದು. ಕೇಬಲ್ ಎಳೀಬೇಕು, ರೌಟರ್ ಬದಲಾಯಿಸ್ಬೇಕು ಅಂತ. ಎಂತಕ್ಕೆ ಅಂತ ಕೇಳಿದ್ರು. ನಿಮ್ಮ ಸ್ವರ ಕೇಳಿ ಅವರಿಗೆ ಸಾಕಾಗಿದೆಯಂತೆ, ಅದು ನಿಂತ್ರೆ ನೆಮ್ಮದಿಯಂತೆ ಅಂದೆ."

"ಅದನ್ನು ಹೇಳ್ಬೇಕಿತ್ತಾ ಮಾರಾಯ?"

"ಲ್ಯಾಬಿನಲ್ಲಿ ನೀವೇ ಕಲಿಸಿದ್ದಲ್ವಾ ಮೇಡಂ, ರೀಡಿಂಗ್ ಬಂದ ಹಾಗೆಯೇ ಬರೀಬೇಕು, ನಮ್ಮ ಕೈಯಿಂದ ತಿದ್ದಬಾರದು ಅಂತ."

"ಅವನು ಎಂಥ ಅಂದ?"

"ನೀರಿನ ಲೋಟ ಕೈಯಲ್ಲಿತ್ತು, ಕೆಳಗೆ ಇಟ್ರು. ಮತ್ತೆ, ಕೆಳಗಿನವರಿಗೆ ಬೇಕಾದ್ರೆ ಮಾಡು ಅಂದ್ರು."

ಅವನಿಗೆ ಬೇಸರ ಬಂದಿರಲಿಲ್ಲ. ನನಗೆ ಬೇಡ ಎಂದಿದ್ದೆ, ಅದಕ್ಕೆ ನಿಲ್ಲಿಸಿದ. ಒಂಬತ್ತು ವರ್ಷದ ಹಿಂದೆ ಮಾತಾಡಬೇಡ ಎಂದೆ, ಮಾತು ನಿಲ್ಲಿಸಿದ. ಈಗ ಸ್ವರವೂ ಬೇಡ ಎಂದೆ. ಕಣ್ಣೆದುರು ನೀರು ಹಾಳಾಗುತ್ತಿದ್ದರೂ ಬಾಯಿ ಬಿಡಲಿಲ್ಲ. ಇನ್ನು ನಾನು ಎಷ್ಟು ಕೇಬಲ್ ಕಿತ್ತರೂ ಅವನು ಕೂಗುವವನಲ್ಲ.

ಹಾಗಾದರೆ ನಾನೇ ಹೋಗಿ ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೆಟ್ಟಿಲ ಬುಡದ ತನಕ ಮೂರು ಸಲ ಹೋದೆ. ಮೂರು ಸಲವೂ ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡಿ ವಾಪಸು ಬಂದೆ. ಒಂದು ಸಲ ಸೇಸಮ್ಮ ಬೇಲಿಯ ಆಚೆಯಿಂದ ನೋಡಿ, "ಎಂಥ ಹುಡುಕ್ತಾ ಇದ್ದೀರಿ?" ಎಂದು ಕೇಳಿದಳು. ಕೀಲಿಕೈ ಎಂದು ಸುಳ್ಳು ಹೇಳಿದೆ. ಅರುವತ್ತು ವರ್ಷದ ಹೆಂಗಸು, ನಾಚಿಕೆಯಾಗಬೇಕು.

ಆ ಶನಿವಾರ ಬೆಳಿಗ್ಗೆ ಆರೂವರೆಗೆ ಎದ್ದು ಫೋನ್ ನೋಡಿದೆ. ಮೇಲಿನ ಹಾಲ್ ಲೈಟ್, ಆನ್. ಇಷ್ಟು ಬೇಗ ಹಾಲಿನ ದೀಪ ಯಾಕೆ ಎಂದು ಹೆಸರಿನ ಮೇಲೆ ಒತ್ತಿದೆ. 'ನಿನ್ನೆ ಸಂಜೆ 7.04ರಿಂದ' ಎಂದಿತ್ತು. ಅಡುಗೆಮನೆಯ ದೀಪ ಹಿಂದಿನ ದಿನ ಉರಿದೇ ಇರಲಿಲ್ಲ. ಹಿಂದಿನ ದಿನ ನನಗೆ ತಲೆನೋವಾಗಿ ಬೇಗ ಮಲಗಿದ್ದೆ, ನೋಡಿರಲಿಲ್ಲ. ಅದೊಂದು ದಿನ ನೋಡಿರಲಿಲ್ಲ.

ಏಳಕ್ಕೆ ಪಂಪ್ ಗುಂಯ್ ಎಂದಿತು. ಏಳು ಇಪ್ಪತ್ತೆರಡಕ್ಕೆ ಟಕ್ ಎಂದು ನಿಂತಿತು. ಹಾಲಿನ ದೀಪ ಆನ್ ಆಗಿಯೇ ಇತ್ತು. ಏಳೂವರೆ. ಏಳೂ ಮುಕ್ಕಾಲು. ಅಂಗಳದಲ್ಲಿ ತಾರಸಿಯ ಕಟ್ಟೆಯ ನೆರಳು ಮಾತ್ರ ಇತ್ತು, ತಲೆ ಇರಲಿಲ್ಲ. ಮೇಲೆ ಹೆಜ್ಜೆಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ.

ಅಮ್ಮ ಹೋದ ಬೆಳಿಗ್ಗೆಯೂ ಹೀಗೆಯೇ ಇತ್ತು. ವಾರ್ಡಿನ ದೀಪ ಉರಿಯುತ್ತಲೇ ಇತ್ತು, ಯಾರೂ ಆರಿಸಿರಲಿಲ್ಲ. ಫೋನ್ ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಓಡಿದೆ. ಚಪ್ಪಲಿ ಹಾಕಿರಲಿಲ್ಲ, ಸರಿಮಾಡಿಕೊಳ್ಳಲು ಏನೂ ಇರಲಿಲ್ಲ.

"ಲೋಕು!" ಎಂದೆ.

ಚಿಕ್ಕಂದಿನ ಹೆಸರು. ಒಂಬತ್ತು ವರ್ಷ ಬಾಯಿಯಿಂದ ಹೊರಗೆ ಬರದೆ ಇದ್ದದ್ದು. ಸ್ವರ ನನ್ನದೇ ಎಂದು ಅನ್ನಿಸಲಿಲ್ಲ.

"ಲೋಕೂ! ಇದ್ದೀಯಾ? ಲೋಕೂ!"

ಬೇಲಿಯ ಆಚೆ ಸೇಸಮ್ಮ ಪೊರಕೆ ಹಿಡಿದು ನಿಂತಿದ್ದಳು. ನೋಡಲಿ. ಊರೇ ನೋಡಲಿ. ಒಂದು ಮೆಟ್ಟಿಲು ಹತ್ತಿದೆ. ಕೈಗಂಬಿಯ ಪಕ್ಕದಲ್ಲೇ ಹನೀಫನ ಬಿಳಿ ಪೈಪ್ ಮೇಲಕ್ಕೆ ಹೋಗಿತ್ತು. ಇನ್ನೊಂದು ಮೆಟ್ಟಿಲು ಹತ್ತಿದೆ. ಆಗ ನನಗೆ ಹೊಳೆಯಿತು. ಆಣೆಯ ಮಾತು ನನಗೆ ಸರಿಯಾಗಿ ನೆನಪಿದೆ, ನಾನೇ ಹೇಳಿದ್ದು. ನೀನು ಮಾತಾಡಿದರೆ, ನೀನು ಕರೆದರೆ ಎಂದಿದ್ದೆ. ಕಟ್ಟಿದ್ದು ಅವನ ಬಾಯಿಯನ್ನು. ನನ್ನ ಬಾಯಿ ಕಟ್ಟಿರಲಿಲ್ಲ. ಒಂಬತ್ತು ವರ್ಷದಲ್ಲಿ 'ಬಾ ಲೋಕು, ಹೋಗಿ ಆಣೆ ಬಿಡಿಸಿ ಬರುವ' ಎಂದು ಯಾವ ದಿನ ಬೇಕಾದರೂ ನಾನು ಹೇಳಬಹುದಿತ್ತು.

"ಲೋಕೂ, ಬಾಗಿಲು ತೆಗಿ. ನಾನು. ನಾನು ಕರೀತಾ ಇದ್ದೇನೆ."

ಮೇಲೆ ಚಿಲಕದ ಸದ್ದಾಯಿತು. ಬಾಗಿಲು ತೆರೆಯಿತು. ಅವನು ಜಗಲಿಗೆ ಬಂದ. ಹಿಂದಿನ ದಿನದ ಅಂಗಿಯಲ್ಲೇ ಇದ್ದ. ಕೆನ್ನೆಯ ಮೇಲೆ ಕುರ್ಚಿಯ ಬೆತ್ತದ ಗುರುತು ಬಿದ್ದಿತ್ತು. ಮದುವೆ ಅಡುಗೆ ಮುಗಿಸಿ ಬಂದು, ದೀಪ ಹಾಕಿ, ಕುಳಿತಲ್ಲೇ ನಿದ್ದೆ ಹೋಗಿದ್ದ, ಅಷ್ಟೆ. ಬದುಕಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದೇ ಮನೆಯಲ್ಲಿದ್ದುಕೊಂಡು ನಾನು ಅದನ್ನು ಹತ್ತಿರದಿಂದ ನೋಡಿರಲಿಲ್ಲ.

ಅವನು ನನ್ನನ್ನು ನೋಡಿದ. ಬಾಯಿ ತೆರೆದ. ಅ ಎನ್ನುವ ಹಾಗೆ ತುಟಿ ಬಿಚ್ಚಿ ಹಾಗೆಯೇ ಮುಚ್ಚಿಕೊಂಡ. ಕರೆದರೆ ನನ್ನ ಹೆಣ ಬೀಳುತ್ತದಲ್ಲ. ಅವನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದು ಹಟಕ್ಕಲ್ಲ ಎಂದು ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಅಕ್ಕ ಸಾಯಬಾರದು ಎಂದು ನನ್ನ ತಮ್ಮ ಒಂಬತ್ತು ವರ್ಷ ಅಕ್ಕ ಎನ್ನಲಿಲ್ಲ.

ಅವನು ಮುಖ ತಿರುಗಿಸಿ ರಸ್ತೆಯ ಆಚೆಯ ತೆಂಗಿನ ಮರವನ್ನು ನೋಡಿದ. ಮೆಲ್ಲಗೆ ಹೇಳಿದ.

"ನೀರ್ ದಿಂಜಿಂಡ್."

ಪಂಪ್ ನಿಂತು ಅರ್ಧ ಗಂಟೆಯಾಗಿತ್ತು. ಅಂಗಳದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ನಾನು ಮೆಟ್ಟಿಲ ಮೇಲೆ ಕುಳಿತೆ. ಹೋಗುವ, ಇವತ್ತೇ ದೈವದ ಹತ್ತಿರ ಹೋಗುವ ಎಂದು ಹೇಳಬೇಕಿತ್ತು, ಆಮೇಲೆ ಹೇಳಿದೆ ಕೂಡ. ಆದರೆ ಮೊದಲು ಬಾಯಿಗೆ ಬಂದದ್ದು ಬೇರೆ.

"ಇನ್ನೊಂದು ಸಲ ಹೇಳು" ಎಂದೆ.

ಅವನು ಮರವನ್ನೇ ನೋಡುತ್ತಾ ಇನ್ನೊಂದು ಸಲ ಹೇಳಿದ.